ನೆಲ ಒಣಗುವವರೆಗೆ

ಮಾರ್ಚ್ ೨

ತಂಗಿ,

ನಿನ್ನ ಕಾಗದ ನಿನ್ನೆ ಸಂಜೆ ಬಂತು. ಮೆಟ್ಟಿಲ ಮೇಲೆ ನಿಂತೇ ಓದಿದೆ, ಕೈಯಲ್ಲಿದ್ದ ಚೀಲ ಕೂಡ ಕೆಳಗಿಡಲಿಲ್ಲ. ಪುಟ್ಟಿಗೆ ಕನ್ನಡಕದ ಗಾಜು ಉಜ್ಜುವ ಕೆಲಸ ಕಲಿಯಲು ಜಾಗ ಸಿಕ್ಕಿತೆಂದರೆ, ಅದೂ ನಮ್ಮ ಬೀದಿಯ ತುದಿಯಲ್ಲಿರುವ ಕಾರ್ಖಾನೆಯಲ್ಲೇ ಎಂದರೆ, ನಾನು ಏನೆಂದು ಬರೆಯಲಿ! ಕೆಳಗಿನ ಸೈಕಲ್ ರಿಪೇರಿಯವನು ತಲೆ ಎತ್ತಿ "ಏನಕ್ಕಾ, ಒಬ್ಬರೇ ನಗ್ತಾ ಇದ್ದೀರಿ?" ಎಂದ. "ನಮ್ಮ ತಂಗಿ ಮಗಳು ಬರ್ತಾಳಪ್ಪ, ಇಲ್ಲೇ ಇರೋಕೆ" ಎಂದೆ. "ಬರಲಿ ಬರಲಿ. ಚಿಕ್ಕವಳಿದ್ದಾಗ ನನ್ನ ಬೈದಿದ್ದು ಇನ್ನೂ ನೆನಪಿದೆ" ಎಂದು ಅವನೂ ನಕ್ಕ.

ಅವಳು ನನ್ನ ಜೊತೆಯೇ ಇರಬೇಕು. ಅದರಲ್ಲಿ ಎರಡು ಮಾತಿಲ್ಲ. ಏಪ್ರಿಲ್ ಇಪ್ಪತ್ತೆರಡಕ್ಕೆ ಸೇರಬೇಕು ಎಂದು ಬರೆದಿದ್ದೀಯ. ಅಷ್ಟರಲ್ಲಿ ಮನೆ ಸರಿಮಾಡಿಕೊಳ್ಳುತ್ತೇನೆ. ಅತ್ತೆ ಹೋದ ಮೇಲೆ ಇಲ್ಲಿ ಒಂದು ತಟ್ಟೆ, ಒಂದು ಲೋಟ. ಅದಕ್ಕೊಂದು ಜೊತೆ ಸಿಗುತ್ತದೆ.

ಈಗ ಇನ್ನೊಂದು ವಿಷಯ. ಓದಿ ನಗಬೇಡ. ಮನೆ ಗುಡಿಸಿ ಒರೆಸಲು ಒಬ್ಬಳನ್ನು ಗೊತ್ತುಮಾಡುತ್ತಿದ್ದೇನೆ.

ನಗಬೇಡ ಎಂದೆ. ಆಸ್ಪತ್ರೆಯ ವಾರ್ಡ್ ಒರೆಸಿಯೇ ತಲೆಗೂದಲು ಬೆಳ್ಳಗಾದವಳಿಗೆ ಇದೇನು ಬಂತು ಎಂದು ನೀನು ಕೇಳುತ್ತೀಯ. ಆದರೆ ನಿನಗೆ ಗೊತ್ತಲ್ಲ, ಮನೆಯ ಪೊರಕೆಯನ್ನು ಅತ್ತೆ ನನ್ನ ಕೈಗೆ ಕೊಟ್ಟವರೇ ಅಲ್ಲ. "ಆಸ್ಪತ್ರೆ ನಿಂದು, ಮನೆ ನಂದು. ಗಡಿ ದಾಟಬೇಡ" ಎನ್ನುತ್ತಿದ್ದರು. ಅವರ ಮಗ ಹೋದ ಮೇಲೂ ನಾವಿಬ್ಬರು ಹಾಗೆಯೇ ಗಡಿ ಕಾಯ್ದುಕೊಂಡು ಬಾಳಿದೆವು. ನಾನು ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ನೆಲ ಕನ್ನಡಿಯಂತಿರುತ್ತಿತ್ತು. ಈಗ ಬೀದಿಯ ಧೂಳೆಲ್ಲ ಒಳಗಿದೆ. ಮೇಲಾಗಿ ನನಗೆ ಮೊಣಕಾಲು ನೋವು. ಬಲಗಾಲು. ಕುಕ್ಕರುಗಾಲಲ್ಲಿ ಕೂತರೆ ಏಳಲು ಆಗುವುದಿಲ್ಲ. ಅದಕ್ಕೇ.

ಬರುವವಳು ನಮ್ಮ ಆಸ್ಪತ್ರೆಯ ಲಿಫ್ಟ್ ನಡೆಸುವವನ ನಾದಿನಿಯಂತೆ. ಮನೆಯವರೆಲ್ಲ ಬಿರುಗಾಳಿ ಎಂದು ಕರೆಯುತ್ತಾರಂತೆ. ಮುಂದಿನ ಭಾನುವಾರ ಮಾತಾಡಲು ಬರುತ್ತಾಳೆ. ಏನು ಕೇಳಬೇಕು ಹೇಳು? ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಸೂಪರ್‌ವೈಸರ್ ಕೇಳಿದ್ದು ಒಂದೇ ಪ್ರಶ್ನೆ: "ರಕ್ತ ನೋಡಿದ್ರೆ ತಲೆ ತಿರುಗುತ್ತಾ?" ಅದನ್ನು ಇವಳಿಗೆ ಕೇಳಲಾದೀತೇ! ನನ್ನ ಮನೆಗೂ ಒಬ್ಬರು ಕೆಲಸಕ್ಕೆ ಬರುತ್ತಾರೆ ಎಂದು ನೆನೆದರೆ, ಪರೀಕ್ಷೆಗೆ ಕೂತವಳು ನಾನೇ ಎನಿಸುತ್ತದೆ.

ಫೋನ್ ಮಾಡು ಎಂದಿದ್ದೀಯ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂ ಎನ್ನುತ್ತೇನೆ, ಅಷ್ಟೇ. ಕಾಗದವೇ ಇರಲಿ.

ನಿನ್ನ ಅಕ್ಕ


ಮಾರ್ಚ್ ೮

ಅಕ್ಕಾ,

ನಕ್ಕೆ. ನಗಬೇಡ ಎಂದರೆ ನಗದಿರಲು ನಾನೇನು ನಿನ್ನ ವಾರ್ಡಿನ ರೋಗಿಯೇ? ನಾನು ನಕ್ಕ ಸದ್ದಿಗೆ ಪುಟ್ಟಿಯ ಅಪ್ಪ ಕೆನ್ನೆಯ ತುಂಬ ಸೋಪು ಹಚ್ಚಿಕೊಂಡೇ ಓಡಿ ಬಂದರು. "ಅಕ್ಕ ಮನೆ ಕೆಲಸಕ್ಕೆ ಒಬ್ಬಳನ್ನ ಇಟ್ಕೊಳ್ತಾಳಂತೆ" ಎಂದೆ. "ಯಾರ ಮನೆಗೆ?" ಎಂದು ಕೇಳಿದರು ನೋಡು! ಪಾಪ, ಅವರಿಗೂ ನಂಬಲಾಗಲಿಲ್ಲ.

ಆದರೆ ಒಳ್ಳೆಯದು ಮಾಡಿದೆ. ಹೊಲಿಗೆ ಅಂಗಡಿಯಲ್ಲಿ ಹುಡುಗಿಯರನ್ನು ಇಟ್ಟುಕೊಂಡ ಅನುಭವದಿಂದ ಹೇಳುತ್ತೇನೆ ಕೇಳು. ಅವಳು ಕೆಲಸ ಮಾಡುವಾಗ ಬೆನ್ನ ಹಿಂದೆ ನಿಲ್ಲಬೇಡ. ಮೊದಲ ದಿನವೇ "ತಂಗೀ, ನನ್ನ ಮಗಳ ಹಾಗೆ" ಎಂದೆಲ್ಲ ಶುರುಮಾಡಬೇಡ. ಮುಖ್ಯವಾಗಿ, ಅವಳು ಬರುವ ಮುಂಚೆ ನೀನೇ ಎಲ್ಲ ಒರೆಸಿಡಬೇಡ. ನಿನ್ನ ಬುದ್ಧಿ ನನಗೆ ಗೊತ್ತು.

ಮೊಣಕಾಲಿಗೆ ಎಣ್ಣೆ ಕಳಿಸಿದ್ದೇನೆ. ಬಿಸಿ ಮಾಡಿ ಹಚ್ಚು. ಬಲಗಾಲಿಗೆ ಹಚ್ಚಿ ಎಡಗಾಲಿಗೂ ಸ್ವಲ್ಪ ಹಚ್ಚು, ಅದಕ್ಕೆ ಹೊಟ್ಟೆಕಿಚ್ಚಾಗದಿರಲಿ.

ಪುಟ್ಟಿಗಂತೂ ನೆಲದ ಮೇಲೆ ಕಾಲಿಲ್ಲ. ಅಜ್ಜಿಯ ರೂಮು ತನಗೆ ಎಂದು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾಳೆ. ರಜೆಗೆ ಬಂದಾಗ ಆ ಬೀದಿ ಕಿಟಕಿಯ ಹತ್ತಿರ ಮಂಚದ ಮೇಲೆ ನಿಂತು, ನಿನ್ನ ಅತ್ತೆ ಹೇಳಿಕೊಟ್ಟ ಹಾಗೆ "ರೇಡಿಯೋ ಸಣ್ಣ ಮಾಡೋ!" ಎಂದು ಸೈಕಲ್‌ನವನ ಮೇಲೆ ಕೂಗುತ್ತಿದ್ದಳಲ್ಲ, ಅದೇ ಕಿಟಕಿ ಬೇಕಂತೆ. ಅದಕ್ಕೆ ಪರದೆ ಹೊಲಿಯುತ್ತಿದ್ದೇನೆ. ಹಳದಿ ಬಟ್ಟೆ, ಅಂಚಿಗೆ ಸಣ್ಣ ಎಲೆ. ಕಿಟಕಿಯ ಅಳತೆ ಬರೆದು ಕಳಿಸು. ಅಂದಾಜು ಬೇಡ. ಟೇಪು ಹಿಡಿದು ಅಳೆ.

ಆ ಬಿರುಗಾಳಿಯ ಕಥೆ ಪೂರ್ತಿ ಬರೆ. ಒಂದು ಮಾತೂ ಬಿಡಬೇಡ.

ನಿನ್ನ ತಂಗಿ


ಮಾರ್ಚ್ ೧೭

ತಂಗಿ,

ಬಂದಳು! ಮೊದಲು ಹೋದ ಭಾನುವಾರದ್ದು ಬರೆಯುತ್ತೇನೆ.

ಒಳಗೆ ಬಂದವಳೇ ಸುತ್ತ ನೋಡಿದಳು. ನಾನು ಕುರ್ಚಿ ಎಳೆದು ಕೊಟ್ಟೆ. ಅವಳು ಕೂತಳು, ನಾನು ನಿಂತಿದ್ದೆ. ಹೊರಗಿನವರು ನೋಡಿದ್ದರೆ ಕೆಲಸ ಕೇಳಲು ಬಂದವಳು ನಾನೇ ಎನ್ನುತ್ತಿದ್ದರು. ಏನು ಕೇಳಬೇಕೆಂದು ನಾನು ಯೋಚಿಸುವಷ್ಟರಲ್ಲಿ ಅವಳೇ ಶುರುಮಾಡಿದಳು.

"ಬೆಕ್ಕಿದೆಯಾ?"

"ಇಲ್ಲ."

"ಹಿಂದೆ ಹಿಂದೆ ಬರ್ತೀರಾ?"

"ಹಂಗಂದ್ರೆ?"

"ಕೆಲವ್ರು ನಾನು ಗುಡಿಸ್ತಿದ್ರೆ ಬೆರಳಲ್ಲಿ ಧೂಳು ನೋಡ್ಕೊಂಡು ಹಿಂದೇನೇ ಬರ್ತಾರೆ. ನಂಗೆ ಕಚಗುಳಿ ಇಟ್ಟ ಹಾಗಾಗುತ್ತೆ, ಕೆಲಸ ಆಗಲ್ಲ."

"ಇಲ್ಲಮ್ಮ, ನಾನು ಹಾಗಲ್ಲ."

"ಮಾತಾಡ್ತೀರಾ?"

"ಕಮ್ಮಿ."

"ಪರವಾಗಿಲ್ಲ, ನಾನು ಆಡ್ತೀನಿ, ನೀವು ಕೇಳಿಸ್ಕೊಂಡ್ರೆ ಸಾಕು. ಆದ್ರೆ ನನ್ನ ಕಣ್ಣೆದುರಿಗೆ ಇರ್ಬೇಕು. ಗೋಡೆ ನೋಡ್ಕೊಂಡು ಮಾತಾಡೋಕೆ ನಂಗೆ ಬರಲ್ಲ."

ಆಮೇಲೆ ನಾನೇನು ಕೆಲಸ ಮಾಡುತ್ತೇನೆ ಎಂದು ಕೇಳಿದಳು. ಆಸ್ಪತ್ರೆ ಎಂದೆ. "ಓ, ನರ್ಸಮ್ಮ!" ಎಂದಳು. ನಾನು ಅಲ್ಲ ಎನ್ನಲಿಲ್ಲ. ಹೌದು ಎಂದೂ ಹೇಳಲಿಲ್ಲ. ನಿಜ ಹೇಳಿದರೆ ಅವಳು ಹೆದರಿ ಓಡಿಹೋದರೆ?

ಇವತ್ತು ಮೊದಲ ಕೆಲಸ. ಬೆಳಿಗ್ಗೆಯೇ ಎದ್ದು ಕಾದೆ. ನೀನು ಹೇಳಿದೆಯೆಂದು ಏನನ್ನೂ ಒರೆಸಲಿಲ್ಲ, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದೆ. ಅಬ್ಬಾ, ತಂಗಿ, ಅವಳ ಕೆಲಸವನ್ನು ಏನೆಂದು ಹೇಳಲಿ! ಹೆಸರಿಗೆ ತಕ್ಕ ಹಾಗೆ ಧೂಳು ಈ ಮೂಲೆಯಿಂದ ಎದ್ದು ಆ ಮೂಲೆಯಲ್ಲಿ ಕೂರುತ್ತದೆ. ಬಟ್ಟೆಯನ್ನು ಹಿಂಡುವುದೇ ಇಲ್ಲ. ಅಡುಗೆಮನೆ ಒರೆಸಿದ ನೀರಿನಲ್ಲೇ ಹಾಲ್ ಒರೆಸಿದಳು. ನಾನು ತಡೆಯಲಾಗದೆ "ನೀರು ಬದಲಾಯಿಸ್ತೀಯಾ?" ಎಂದೆ. "ಯಾಕೆ ಅಕ್ಕಾ, ಇನ್ನೂ ಅರ್ಧ ಬಕೆಟ್ ಇದೆಯಲ್ಲ!" ಎಂದಳು. ನಮ್ಮ ವಾರ್ಡಿನಲ್ಲಿ ಹೀಗೆ ಮಾಡಿದ್ದರೆ ನಾನೇ ಬಕೆಟ್ ಸಮೇತ ಹೊರಗೆ ಕಳಿಸುತ್ತಿದ್ದೆ.

ಆದರೂ ತಂಗಿ, ಏನೋ ಸಂತೋಷ. ಆ ಬಾಯಿ ನಿಲ್ಲುವುದೇ ಇಲ್ಲ. ಮನೆಯಲ್ಲಿ ಎಷ್ಟೋ ದಿನದ ಮೇಲೆ ಮನುಷ್ಯರ ಸದ್ದು. ಅವಳು ಹೋದ ಮೇಲೆ ನೆಲ ಅಲ್ಲಲ್ಲಿ ಒದ್ದೆಯಾಗಿ ಹೊಳೆಯುತ್ತಿತ್ತು, ನಾನು ನೋಡುತ್ತ ಕೂತಿದ್ದೆ. ಬುಧವಾರ ಮತ್ತೆ ಬರುತ್ತಾಳೆ.

ಪುಟ್ಟಿಗೆ ಹಾಲ್‌ನಲ್ಲಿ ಜಾಗ ಮಾಡಿದ್ದೇನೆ. ಮಡಚುವ ಮಂಚ ನೋಡಿಟ್ಟಿದ್ದೇನೆ, ಗಟ್ಟಿಯಾಗಿದೆ. ಗೋಡೆಯ ಕಡೆ ಒಂದು ದೀಪ ಹಾಕಿಸುತ್ತೇನೆ.

ಎಣ್ಣೆ ಬಂತು. ಎಡಗಾಲಿಗೆ ಎಷ್ಟೋ ವಾಸಿ.

ನಿನ್ನ ಅಕ್ಕ


ಮಾರ್ಚ್ ೨೨

ಅಕ್ಕನಿಗೆ,

ನಿನ್ನ ಕಾಗದ ಬಂತು. ಪುಟ್ಟಿ ಗಟ್ಟಿಯಾಗಿ ಓದಿದಳು. ಬಿರುಗಾಳಿಯವರೆಗೆ ನಗುತ್ತ ಓದಿದಳು. ಆಮೇಲೆ ನಿಧಾನವಾದಳು.

ಮೊದಲ ಕಾಗದದಲ್ಲಿ ಬಲಗಾಲು. ಈಗ ಎಡಗಾಲು. ಯಾವ ಕಾಲು ಅಕ್ಕಾ?

ಕಿಟಕಿಯ ಅಳತೆ ಕೇಳಿದ್ದೆ. ಅದಕ್ಕೆ ಉತ್ತರವಿಲ್ಲ. ಅಡುಗೆಮನೆ ಒರೆಸಿದಳು, ಹಾಲ್ ಒರೆಸಿದಳು ಎಂದು ಬರೆದಿದ್ದೀಯ. ಅತ್ತೆಯ ರೂಮಿನ ಮಾತಿಲ್ಲ. ಆ ರೂಮು ಖಾಲಿ ಇದ್ದರೂ ನನ್ನ ಮಗಳು ಹಾಲ್‌ನಲ್ಲಿ, ಓಡಾಡುವ ದಾರಿಯಲ್ಲಿ, ಮಡಚುವ ಮಂಚದ ಮೇಲೆ ಮಲಗಬೇಕು ಎಂದರೆ ನಾನು ಏನು ತಿಳಿದುಕೊಳ್ಳಲಿ? ಅವಳು ಬರುವುದು ಇಷ್ಟವಿಲ್ಲದಿದ್ದರೆ ಹೇಳಬಹುದಿತ್ತು. ನಾನು ಹೇಳಿದೆನೆಂದು ಒಪ್ಪಿಕೊಂಡೆಯೋ ಏನೋ. ಬಾಯಿಬಿಟ್ಟು ಬೇಡ ಎನ್ನುವ ಅಭ್ಯಾಸ ನಿನಗೆ ಚಿಕ್ಕಂದಿನಿಂದಲೂ ಇಲ್ಲ.

ಕಾರ್ಖಾನೆಯ ಹತ್ತಿರ ಹುಡುಗಿಯರ ಹಾಸ್ಟೆಲ್ ಇದೆಯಂತೆ. ಅಲ್ಲಿಗೆ ಬರೆಯುತ್ತೇನೆ.

ಪರದೆ ಅರ್ಧ ಹೊಲಿದಿದೆ. ಸದ್ಯಕ್ಕೆ ಮಡಚಿ ಇಟ್ಟಿದ್ದೇನೆ.

ತಂಗಿ


ಮಾರ್ಚ್ ೨೬

ತಂಗಿ,

ನನ್ನ ಎರಡೂ ಮೊಣಕಾಲು ಚೆನ್ನಾಗಿವೆ. ಎಣ್ಣೆಯನ್ನು ವಾರ್ಡಿನ ಆಯಾಗೆ ಕೊಟ್ಟೆ, ಅವಳಿಗೆ ಗುಣವಾಗಿದೆ.

ಹಾಸ್ಟೆಲ್‌ಗೆ ಬರೆಯಬೇಡ. ಬರೆದಿದ್ದರೆ ಬೇಡವೆಂದು ಇನ್ನೊಂದು ಕಾಗದ ಬರೆ. ಪುಟ್ಟಿ ಬರುತ್ತಾಳೆಂದು ತಿಳಿದಾಗ ನನಗಾದ ಸಂತೋಷ ನಿನಗೆ ಹೇಗೆ ತೋರಿಸಲಿ? ಅವಳ ಲೋಟವನ್ನು ಆಗಲೇ ತಂದಿಟ್ಟಿದ್ದೇನೆ. ದಿನಾ ನನ್ನ ಲೋಟದ ಜೊತೆ ಅದನ್ನೂ ತೊಳೆದು ಇಡುತ್ತೇನೆ.

ಅತ್ತೆಯ ರೂಮಿಗೆ ಬೀಗ ಹಾಕಿದೆ, ತಂಗಿ. ಅವರು ಹೋದ ದಿನ ಎಳೆದುಕೊಂಡ ಬಾಗಿಲು ಮತ್ತೆ ತೆಗೆದಿಲ್ಲ. ಬಿರುಗಾಳಿ "ಒಳಗೆ ಹುಲಿ ಕಟ್ಟಿದ್ದೀರಾ?" ಎಂದು ಕೇಳಿದಳು. ನಾನು ನಕ್ಕು ಮಾತು ಮರೆಸಿದೆ. ನಿಜ ಹೇಳಬೇಕೆಂದರೆ ಅವಳನ್ನು ಗೊತ್ತುಮಾಡಿದ್ದೇ ಆ ರೂಮಿಗೋಸ್ಕರ. ನನ್ನ ಕೈಯಿಂದ ಆಗುವುದಿಲ್ಲ.

ಯಾಕೆ ಎಂದು ನಿನಗಾದರೂ ಹೇಳುತ್ತೇನೆ. ಅತ್ತೆಯನ್ನು ಸೇರಿಸಿದ್ದು ನನ್ನ ವಾರ್ಡಿಗೇ ಎಂದು ನಿನಗೆ ಗೊತ್ತು. ಅವರು ಹೋದದ್ದು ಬೆಳಿಗ್ಗೆ. ನಿಮ್ಮ ರೈಲು ಬಂದದ್ದು ಸಂಜೆ. ನಡುವೆ ಏನಾಯಿತೆಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರ ಹಾಸಿಗೆ ತೊಳೆದದ್ದು ನಾನು. "ನೀವು ಬೇಡ, ಬೇರೆಯವರನ್ನ ಕರೀತೀನಿ" ಎಂದರು ಸಿಸ್ಟರ್. ಬೇರೆಯವರು ಅದಕ್ಕೆ ಕೈ ಹಾಕುವುದನ್ನು ನನಗೆ ನೋಡಲಾಗಲಿಲ್ಲ. ಮೊದಲು ತಲೆಯ ಕಡೆಯ ಕಂಬಿ, ಆಮೇಲೆ ಕಾಲಿನ ಕಡೆ, ಕೊನೆಗೆ ನೆಲ, ಒಳಗಿನಿಂದ ಬಾಗಿಲ ಕಡೆಗೆ. ಯಾವತ್ತೂ ಮಾಡುವ ಹಾಗೆಯೇ. ನೆಲ ಒಣಗುವ ಮುಂಚೆಯೇ ಇನ್ನೊಬ್ಬರನ್ನು ತಂದು ಅಲ್ಲಿ ಮಲಗಿಸಿದರು. ಅದು ಯಾರ ತಪ್ಪೂ ಅಲ್ಲ, ಆಸ್ಪತ್ರೆ ಎಂದರೆ ಹಾಗೆಯೇ. ಆ ಹೊಸಬರ ದಿಂಬು ಸರಿಮಾಡಿದ್ದೂ ನಾನೇ.

ಮನೆಯ ರೂಮಿಗೆ ಪೊರಕೆ ಹಿಡಿದು ಹೋದರೆ ಅದೇ ಕೆಲಸವನ್ನು ಇನ್ನೊಂದು ಸಲ ಮಾಡಿದಂತೆ ಅನ್ನಿಸುತ್ತದೆ. ನೆಲ ಒಣಗುವ ಮುಂಚೆ ಪುಟ್ಟಿಯನ್ನು ತಂದು ಮಲಗಿಸಿದಂತೆ. ಅಲ್ಲಿ ಬೇರೆಯವರ ಕೈ ಬೇಡವಾಗಿತ್ತು, ಇಲ್ಲಿ ನನ್ನ ಕೈಯೇ ಬೇಡವಾಗಿದೆ. ಬೇರೆ ಯಾರಾದರೂ ಮಾಡಿಬಿಡಲಿ, ನಾನು ಬಂದು ನೋಡುವಾಗ ಆಗಿಹೋಗಿರಲಿ ಎಂದುಕೊಂಡೆ. ಅವಳು ಬಂದಳು, ಬೀಗದ ಕೈ ಕೊಡಲು ನನಗಾಗಲಿಲ್ಲ.

ಇಷ್ಟೇ. ಕೋಪ ಮಾಡಿಕೊಳ್ಳಬೇಡ.

ಅಕ್ಕ


ಮಾರ್ಚ್ ೩೦

ಅಕ್ಕಾ,

ಅಂಗಡಿಯಲ್ಲಿ ನಿನ್ನ ಕಾಗದ ಓದಿದೆ. ಓದಿ ಬಾಗಿಲು ಹಾಕಿದೆ. ಹುಡುಗಿಯರಿಗೆ ರಜೆ ಕೊಟ್ಟೆ, ಅವರು ಯಾಕೆ ಎಂದು ಕೂಡ ಕೇಳದೆ ಓಡಿದರು.

ಅವತ್ತು ರೈಲಿನಿಂದ ಇಳಿದವಳು ನಾನು ನಿನ್ನ ಕೈ ಹಿಡಿದುಕೊಂಡೆ. ಕೈ ತುಂಬ ಫಿನಾಯಿಲ್ ವಾಸನೆ. ಇವತ್ತೂ ಡ್ಯೂಟಿ ಮಾಡಿದಳಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಬೈದದ್ದನ್ನು ಇವತ್ತು ವಾಪಸ್ ತೆಗೆದುಕೊಂಡೆ.

ನಾನು ಮುಚ್ಚಿಟ್ಟದ್ದೂ ಒಂದಿದೆ. ಪುಟ್ಟಿಗೆ ಇಲ್ಲೇ ನಮ್ಮ ಹತ್ತಿರವೇ ಕಲಿಯಲು ಜಾಗ ಸಿಕ್ಕಿತ್ತು. ನಿನ್ನ ಊರನ್ನು ಆರಿಸಿಕೊಂಡವಳು ಅವಳೇ. "ದೊಡ್ಡಮ್ಮ ಒಬ್ಬರೇ ಇದ್ದಾರೆ. ಹೇಳಬೇಡ, ಹೇಳಿದ್ರೆ ಬೇಡ ಅಂತಾರೆ" ಎಂದಳು. ಹಾಗೆ ಇಷ್ಟಪಟ್ಟು ಬರುವವಳನ್ನು ನೀನು ದಾರಿಯಲ್ಲಿ ಮಲಗಿಸುತ್ತೀಯ ಎಂದು ನನ್ನ ಹೊಟ್ಟೆ ಉರಿಯಿತು. ಅದಕ್ಕೇ ಹಾಗೆ ಬರೆದೆ.

ಹಾಸ್ಟೆಲ್‌ಗೆ ಬರೆದ ಕಾಗದ ಮೇಜಿನ ಮೇಲಿದೆ, ಅಂಚೆಗೆ ಹಾಕಿಲ್ಲ. ನಾನು ಹರಿದುಹಾಕಲು ಹೋದರೆ ಪುಟ್ಟಿ ಬಿಡಲಿಲ್ಲ. "ಆ ಬೀಗ ಹಾಕಿದ ಬಾಗಿಲ ಮುಂದೆ ನಾನು ದಿನಾ ಮಲಗಿ ಎದ್ದರೆ ದೊಡ್ಡಮ್ಮನಿಗೆ ದಿನಾ ಕಷ್ಟ. ಅವರಿಗೆ ಆಗೋವರೆಗೆ ಹಾಸ್ಟೆಲ್‌ನಲ್ಲೇ ಇರ್ತೀನಿ, ಸಂಜೆ ಬಂದು ಹೋಗ್ತೀನಿ" ಎನ್ನುತ್ತಾಳೆ. ನಿನ್ನಷ್ಟೇ ಹಟ. ಹನ್ನೆರಡನೇ ತಾರೀಖಿನವರೆಗೆ ಕಾಯುತ್ತಾಳಂತೆ, ಆಮೇಲೆ ಅವಳೇ ಅಂಚೆಗೆ ಹಾಕುತ್ತಾಳಂತೆ.

ಅಷ್ಟರೊಳಗೆ ನಿನ್ನಿಂದ ಒಂದು ಸಾಲು ಬರಲಿ. ತೆಗೆದೆ ಎಂದಾದರೂ ಸರಿ, ಆಗಲಿಲ್ಲ ಎಂದಾದರೂ ಸರಿ. ನಾನು ಯಾವುದಕ್ಕೂ ಕೋಪ ಮಾಡುವುದಿಲ್ಲ. ಪರದೆಯನ್ನು ಮಾತ್ರ ಮತ್ತೆ ಹೊರಗೆ ತೆಗೆದಿದ್ದೇನೆ.

ನಿನ್ನ ತಂಗಿ


ಏಪ್ರಿಲ್ ೭

ತಂಗಿ,

ಕಿಟಕಿಯ ಅಗಲ ನಾಲ್ಕು ಅಡಿಗೆ ಎರಡು ಬೆರಳು ಕಮ್ಮಿ. ಉದ್ದ ಮೂರೂವರೆ ಅಡಿ. ಟೇಪು ಹಿಡಿದು ಅಳೆದೆ, ಅಂದಾಜಲ್ಲ. ಮೊದಲು ಇದನ್ನು ಬೇರೆ ಕಡೆ ಬರೆದಿಟ್ಟುಕೋ, ಆಮೇಲೆ ಮುಂದೆ ಓದು.

ಇವತ್ತು ಬೆಳಿಗ್ಗೆ ಬಿರುಗಾಳಿ ಬಂದಳು. ಚಪ್ಪಲಿ ಬಿಡುವ ಮುಂಚೆಯೇ ಅವಳ ಕೈಗೆ ಬೀಗದ ಕೈ ಹಾಕಿದೆ. ಹೆಚ್ಚು ಹೊತ್ತು ನನ್ನ ಹತ್ತಿರ ಇದ್ದರೆ ಮತ್ತೆ ಮನಸ್ಸು ಬದಲಾಗುತ್ತಿತ್ತು.

"ಹುಲಿ ಸತ್ತೋಯ್ತಾ?" ಎಂದಳು.

"ನಮ್ಮ ಅತ್ತೆ ರೂಮು ಕಣೇ. ನೀನು ಮಾಡು. ನಾನು ಒಳಗೆ ಬರಲ್ಲ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ "ಸರಿ, ಬರಬೇಡಿ. ಆದ್ರೆ ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ. ಮಾತಾಡೋಕೆ ಮುಖ ಬೇಕಲ್ಲ ನಂಗೆ" ಎಂದಳು.

ಬಾಗಿಲು ತೆಗೆದಳು. ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಏನೂ ಆಗಲಿಲ್ಲ, ತಂಗಿ. ಮಂಚ, ಕಪಾಟು, ಗೋಡೆಗೆ ನೇತುಹಾಕಿದ ಅವರ ಸ್ವೆಟರ್, ಮುಚ್ಚಿದ ಕಿಟಕಿ. ಎಲ್ಲದರ ಮೇಲೂ ಧೂಳು. ಅತ್ತೆ ನೋಡಿದ್ದರೆ ನನ್ನನ್ನು ಕೊಂದೇಬಿಡುತ್ತಿದ್ದರು ಎಂದೇ ಮೊದಲು ಹೊಳೆದದ್ದು.

ಅವಳು ಗುಡಿಸಿದಳು, ಜಾಡಿಸಿದಳು, ಸೀನಿದಳು. ಆಮೇಲೆ ಬಕೆಟ್ ತಂದು ಹೊಸ್ತಿಲಲ್ಲಿ ಇಟ್ಟು, ನನ್ನ ಕಡೆ ಮುಖಮಾಡಿ ಕುಕ್ಕರುಗಾಲಲ್ಲಿ ಕೂತಳು. ಅವಳ ಭಾವ ಲಿಫ್ಟಿನಲ್ಲಿ ನಿದ್ದೆ ಹೋಗಿ ಒಬ್ಬ ಡಾಕ್ಟರನ್ನು ನಾಲ್ಕು ಸಲ ಮೇಲೆ ಕೆಳಗೆ ಓಡಾಡಿಸಿದ ಕಥೆ ಶುರುಮಾಡಿದಳು. ಕಥೆ ಹೇಳುತ್ತ, ಒರೆಸುತ್ತ, ಹಿಂದೆ ಹಿಂದೆ ಸರಿದಳು. ನಾನು ಕಥೆ ಕೇಳುತ್ತ ಕೂತಿದ್ದೆ. ಜೀವಮಾನವೆಲ್ಲ ನೆಲ ಒರೆಸಿದವಳು ನಾನು, ನನ್ನ ಕಣ್ಣೆದುರೇ ಅವಳು ಬಾಗಿಲಿನಿಂದ ಶುರುಮಾಡಿ ಒಳಗೆ ಹೋಗುತ್ತಿದ್ದಾಳೆ ಎಂದು ನನಗೆ ಹೊಳೆಯಲೇ ಇಲ್ಲ! ಡಾಕ್ಟರು ಲಿಫ್ಟಿನಿಂದ ಹೊರಗೆ ಬರುವ ಹೊತ್ತಿಗೆ ಅವಳ ಬೆನ್ನು ಮಂಚಕ್ಕೆ ತಾಗಿತು. ಎದ್ದು ನಿಂತು ನೋಡಿದಳು. ಅವಳಿಗೂ ನನಗೂ ನಡುವೆ ಪೂರ್ತಿ ಒದ್ದೆ ನೆಲ. ಬಟ್ಟೆ ಹಿಂಡುವ ಅಭ್ಯಾಸವಿಲ್ಲವಲ್ಲ, ಕೆರೆಯ ಹಾಗೆ ನಿಂತಿದೆ.

"ಅಕ್ಕಾ" ಎಂದಳು, "ನಾನು ಸಿಕ್ಕಿಹಾಕ್ಕೊಂಡೆ."

"ಒಳಗಿಂದ ಬಾಗಿಲ ಕಡೆ ಒರೆಸ್ಕೊಂಡು ಬರ್ಬೇಕು ಕಣೇ!"

"ಹಾಗ್ ಬಂದ್ರೆ ನಿಮಗೆ ಬೆನ್ನು ತೋರಿಸ್ಬೇಕಲ್ಲ. ಡಾಕ್ಟರ್ ಕಥೆ ಬೆನ್ನಿಂದ ಹೇಳ್ಲಾ?"

ಮಂಚದ ಮೇಲೆ ಹತ್ತಿ ಕೂತು ಕಿಟಕಿ ತೆಗೆಯಲು ನೋಡಿದಳು. ಗಾಳಿ ಆಡಿದರೆ ಬೇಗ ಒಣಗುತ್ತದೆ ಎಂದು. ಆ ಚಿಲಕ ನಿನಗೆ ನೆನಪಿದೆಯಲ್ಲ? ಮೇಲೆತ್ತಿ ಎಡಕ್ಕೆ ತಳ್ಳಿ ಮೊಣಕೈಯಿಂದ ಗುದ್ದಬೇಕು. ಅತ್ತೆಗೆ ಮತ್ತು ನನಗೆ ಬಿಟ್ಟರೆ ಇನ್ನಾರಿಗೂ ಬರುತ್ತಿರಲಿಲ್ಲ. ನಾನು ಕುರ್ಚಿಯಿಂದ ಹೇಳುತ್ತ ಹೋದೆ. ಮೇಲೆತ್ತು, ಎಡಕ್ಕೆ, ಎಡಕ್ಕೆ ಅಂದೆನಲ್ಲ, ಅದು ಬಲ. ಅವಳು ಗುದ್ದುವ ರಭಸಕ್ಕೆ ಗಾಜು ಒಡೆದೇಹೋಗುತ್ತದೆ ಎನಿಸಿತು.

"ಬಿಡು, ಬಂದೆ" ಎಂದೆ.

ಚಪ್ಪಲಿ ಬಿಟ್ಟು ಒದ್ದೆ ನೆಲದ ಮೇಲೆ ನಡೆದು ಹೋದೆ, ತಂಗಿ. ಒದ್ದೆ ನೆಲ ತುಳಿದ ದೊಡ್ಡ ಡಾಕ್ಟರಿಗೂ ಬೈದವಳು ನಾನು. ನೀರು ತಣ್ಣಗಿತ್ತು. ಮಂಚ ಹತ್ತಿ ಚಿಲಕ ಎತ್ತಿ ತಳ್ಳಿ ಗುದ್ದಿದೆ. ಕಿಟಕಿ ಎಂದಿನ ಹಾಗೆ ಕಿರ್ರೆಂದು ತೆಗೆದುಕೊಂಡಿತು.

ಆಮೇಲೆ ಏನಾಯಿತು ಗೊತ್ತೇ? ಕೆಳಗೆ ಸೈಕಲ್‌ನವನ ರೇಡಿಯೋ ಜೋರಾಗಿ ಹಾಡುತ್ತಿತ್ತಲ್ಲ, ಅದು ಪಟ್ಟನೆ ಸಣ್ಣದಾಯಿತು. ನಾವು ಯಾರೂ ಏನೂ ಹೇಳಿರಲಿಲ್ಲ. ಕಿಟಕಿಯ ಸದ್ದು ಕೇಳಿ ಅವನ ಕೈ ತಾನಾಗಿಯೇ ಹೋಗಿದೆ. ಅವನು ತಲೆ ಎತ್ತಿ ನೋಡಿದ, ನಾನೂ ಬಗ್ಗಿ ನೋಡಿದೆ. ನಾನೇ "ಜೋರಾಗೇ ಹಾಕಪ್ಪ, ಪರವಾಗಿಲ್ಲ" ಎಂದೆ. "ಇಲ್ಲಕ್ಕಾ, ಇಷ್ಟೇ ಸಾಕು" ಎಂದ. ಕಣ್ಣೊರೆಸಿಕೊಂಡನೋ ಬೆವರು ಒರೆಸಿಕೊಂಡನೋ ಮೇಲಿನಿಂದ ಕಾಣಲಿಲ್ಲ.

ಇಳಿಯಲು ಹೋದರೆ ಬಿರುಗಾಳಿ ನನ್ನ ಕೈ ಹಿಡಿದು ಎಳೆದಳು. "ಎಲ್ಲಿಗೆ? ಈಗ ಒರೆಸಿದ್ದೀನಿ. ಒಣಗೋವರೆಗೆ ಕೂತ್ಕೊಳ್ಳಿ." ಕೂತೆ. ಅತ್ತೆಯ ಮಂಚದ ಮೇಲೆ ನಾವಿಬ್ಬರೂ ಕಾಲು ಮೇಲಿಟ್ಟುಕೊಂಡು ದೋಣಿಯಲ್ಲಿ ಕೂತವರ ಹಾಗೆ ಕೂತೆವು. ಏನು ತೋಚಿತೋ, "ನಾನು ನರ್ಸ್ ಅಲ್ಲ, ವಾರ್ಡ್ ಒರೆಸೋಳು" ಎಂದುಬಿಟ್ಟೆ.

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ ದೇವ್ರೇ! ಇಷ್ಟು ದಿನ ನನ್ನ ಕೆಲಸ ನೋಡ್ಕೊಂಡು ಹೇಗೆ ಸುಮ್ನಿದ್ರಿ? ನಿಮ್ಮದು ಕಲ್ಲೆದೆ ಅಕ್ಕಾ!"

"ನಿಮ್ಮ ಭಾವ ಹೇಳಲಿಲ್ವಾ?"

"ಭಾವ ಮಾತಾಡೋಕೆ ನಾನು ಬಿಟ್ರೆ ತಾನೇ!"

ನಕ್ಕೆವು, ತಂಗಿ. ಆ ರೂಮಿನಲ್ಲಿ, ಆ ಮಂಚದ ಮೇಲೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಸ್ವಲ್ಪ ಅತ್ತೂಬಿಟ್ಟೆ. ಅವಳು ಡಾಕ್ಟರಿನ ಕಥೆಯ ಉಳಿದದ್ದನ್ನು ಹೇಳಿದಳು. ವಾರ್ಡಿನಲ್ಲಿ ನೆಲ ಒಣಗುವುದನ್ನು ಯಾರೂ ಕಾಯುವುದಿಲ್ಲ. ನೆಲ ಒದ್ದೆ ಎಂಬ ಬೋರ್ಡು ಇಟ್ಟು ಮುಂದಿನ ಹಾಸಿಗೆಗೆ ಹೋಗುತ್ತೇವೆ. ಇಷ್ಟು ವರ್ಷ ಕೆಲಸ ಮಾಡಿ, ನೆಲ ಹೇಗೆ ಒಣಗುತ್ತದೆ ಎಂದು ನಾನು ನೋಡಿದ್ದು ಇವತ್ತೇ. ಮೊದಲು ಕಿಟಕಿಯ ಹತ್ತಿರ, ಆಮೇಲೆ ನಡುವೆ ಅಲ್ಲಲ್ಲಿ ದ್ವೀಪಗಳ ಹಾಗೆ. ಕೊನೆಯವರೆಗೂ ಉಳಿದದ್ದು ನನ್ನ ಹೆಜ್ಜೆಗಳು.

ಹಾಸ್ಟೆಲ್‌ನ ಕಾಗದ ಹರಿದುಹಾಕು. ಪುಟ್ಟಿ ಬಿಡದಿದ್ದರೆ ನಾನು ಹೇಳಿದೆನೆಂದು ಅವಳ ಕೈಯಿಂದಲೇ ಹರಿಸು. ಸ್ವೆಟರ್ ಮಾತ್ರ ಗೋಡೆಯಲ್ಲೇ ಇರುತ್ತದೆ, ಅವಳಿಗೆ ತೊಂದರೆಯಿಲ್ಲವೇ ಕೇಳು.

ನಿನ್ನ ಅಕ್ಕ


ಏಪ್ರಿಲ್ ೧೨

ಅಕ್ಕಾ ಅಕ್ಕಾ,

ಹರಿದಳು! ಎರಡು ತುಂಡಲ್ಲ, ಚೂರು ಚೂರು. ಮನೆ ತುಂಬ ಕಾಗದ, ಗುಡಿಸುವವಳು ನಾನು. ನಿನ್ನ ಬಿರುಗಾಳಿಯನ್ನು ಇಲ್ಲಿಗೆ ಕಳಿಸು.

ನಿನ್ನ ಕಾಗದವನ್ನು ಪುಟ್ಟಿ ಮೂರು ಸಲ ಓದಿಸಿಕೊಂಡಳು. ರೇಡಿಯೋ ಸಣ್ಣದಾದ ಕಡೆ ಅವಳ ಅಪ್ಪ ಎದ್ದು ಹೊರಗೆ ಹೋದರು. ಸಿಗರೇಟು ಬಿಟ್ಟು ವರ್ಷವಾಯಿತು, ಹೊರಗೆ ಏನು ಕೆಲಸವೋ!

ಸ್ವೆಟರ್ ಇರಲಿ ಎನ್ನುತ್ತಾಳೆ. ಚಳಿಯಾದರೆ ಹಾಕಿಕೊಳ್ಳಬಹುದೇ ಎಂದು ಕೇಳುತ್ತಾಳೆ. ಅದನ್ನು ನೀನೇ ಅವಳಿಗೆ ಹೇಳು.

ಪರದೆ ಮುಗಿಯಿತು. ಪುಟ್ಟಿಯ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ಇದೆ, ಸುಕ್ಕಾಗಬಾರದೆಂದು. ಮುಂದಿನ ಶುಕ್ರವಾರ ಮಧ್ಯಾಹ್ನದ ರೈಲು. ಸ್ಟೇಷನ್ನಿಗೆ ಬೇಗ ಹೋಗಿ ನಿಲ್ಲಬೇಡ. ಬೇಡ ಎಂದರೂ ನಿಲ್ಲುತ್ತೀಯ, ಗೊತ್ತು.

ನಿನ್ನ ತಂಗಿ


ಏಪ್ರಿಲ್ ೨೧

ತಂಗಿ,

ಬೇಗ ಹೋಗಿ ನಿಂತೆ. ರೈಲು ತಡವಾಯಿತು. ಆದರೂ ಆ ಕಾಯುವುದರಲ್ಲಿ ಎಷ್ಟು ಸುಖ! ಪುಟ್ಟಿ ನನಗಿಂತ ಎತ್ತರವಾಗಿದ್ದಾಳೆ, ಅದನ್ನು ಒಂದು ಕಾಗದದಲ್ಲೂ ನೀನು ಬರೆಯಲಿಲ್ಲ. ಮನೆಗೆ ಬಂದವಳೇ ಮಂಚ ಹತ್ತಿ ಕಿಟಕಿ ತೆಗೆಯಲು ಹೋದಳು. ನಾನು ಕಲಿಸಿದೆ. ಮೇಲೆತ್ತಿ ಎಡಕ್ಕೆ ತಳ್ಳಿ ಗುದ್ದು. ಎರಡನೇ ಗುದ್ದಿಗೆ ತೆಗೆದುಕೊಂಡಿತು. "ರೇಡಿಯೋ ಸಣ್ಣ ಮಾಡೋ!" ಎಂದು ಕೂಗಿದಳು. "ಹುಟ್ಟಿದ್ಲಪ್ಪ ಇನ್ನೊಬ್ಬಳು!" ಎಂದು ಕೆಳಗಿನಿಂದ ಉತ್ತರ ಬಂತು, ರೇಡಿಯೋ ಇನ್ನೂ ಜೋರಾಯಿತು.

ಸ್ವೆಟರ್ ಹಾಕಿಕೋ ಎಂದೆ. ತೋಳು ಗಿಡ್ಡವಾಗಿದೆ, ಆದರೂ ಹಾಕಿಕೊಂಡೇ ತಿರುಗುತ್ತಿದ್ದಾಳೆ.

ನಾಳೆ ಅವಳು ಕೆಲಸಕ್ಕೆ ಸೇರುತ್ತಾಳೆ. ಇವತ್ತು ಭಾನುವಾರ, ಬಿರುಗಾಳಿ ಬಂದಿದ್ದಾಳೆ. ಅವಳಿಗೆ ಬಟ್ಟೆ ಹಿಂಡುವುದನ್ನು ಹೇಳಿಕೊಟ್ಟೆ. ಕಲಿತಳು. ಬಾಗಿಲಿನಿಂದ ಒಳಗೆ ಒರೆಸುವುದನ್ನು ಮಾತ್ರ ಬಿಡಲಿಲ್ಲ, ನಾನೂ ಬಿಡು ಎನ್ನಲಿಲ್ಲ. ಈ ರೂಮನ್ನು ಒರೆಸುವ ಮುಂಚೆ ನಾನೂ ಪುಟ್ಟಿಯೂ ಒಳಗೆ ಬಂದು ಮಂಚ ಹತ್ತಿಬಿಟ್ಟೆವು, ಅವಳು ಬಾಗಿಲ ಕಡೆ ಮುಖಮಾಡಿ ಕಥೆ ಹೇಳುತ್ತ ಹಿಂದೆ ಹಿಂದೆ ಒರೆಸಿಕೊಂಡು ಬಂದು ನಮ್ಮನ್ನು ಸೇರಿದಳು. ಹೀಗೆ ಬಂದರೆ ನಿನಗೆ ನಮ್ಮ ಮುಖ ಕಾಣುವುದಿಲ್ಲವಲ್ಲ ಎಂದರೆ, ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡಿದಳು. ಕುತ್ತಿಗೆ ನೋವು ಬಂದರೆ ಎಣ್ಣೆ ಕಳಿಸು.

ಈಗ ಮೂವರೂ ಮಂಚದ ಮೇಲಿದ್ದೇವೆ. ಪುಟ್ಟಿ ನಡುವೆ ಕೂತು ಉಜ್ಜಿ ಅಭ್ಯಾಸ ಮಾಡಲೆಂದು ತಂದ ಹಳೇ ಕನ್ನಡಕದ ಗಾಜನ್ನು ಬಿರುಗಾಳಿಯ ಕಣ್ಣಿಗೆ ಹಿಡಿದಿದ್ದಾಳೆ. "ಅಯ್ಯೋ, ಮೂಲೆಯಲ್ಲಿ ಎಷ್ಟು ಧೂಳಿದೆ! ಇದು ಬೇಡ ನಂಗೆ, ತೆಗಿ ತೆಗಿ" ಎಂದು ಅವಳು ಕಿರುಚುತ್ತಿದ್ದಾಳೆ. ಪುಟ್ಟಿ ನಕ್ಕು ನನ್ನ ಮೇಲೆ ಬೀಳುತ್ತಿದ್ದಾಳೆ, ಅದಕ್ಕೇ ಅಕ್ಷರ ಸೊಟ್ಟಗಿವೆ. ಹಳದಿ ಪರದೆ ಗಾಳಿಗೆ ಬಂದು ಕಾಗದದ ಮೇಲೆ ಕೂರುತ್ತದೆ, ತಳ್ಳುತ್ತೇನೆ, ಮತ್ತೆ ಬರುತ್ತದೆ.

ಇನ್ನೂ ಬರೆಯುವುದಿತ್ತು. ಆದರೆ ನೆಲ ಒಣಗಿತು. ಇಳಿಯುತ್ತೇನೆ.

ನಿನ್ನ ಅಕ್ಕ